ಪಿಟೀಲಿನ ಕೈಗೆ ವೀಣೆ: ಎರಡನೆಯ ವಾದ್ಯವನ್ನು ಆರಂಭಿಸುವ ಕ್ರಮ

ತುಮಕೂರು, ಗುಬ್ಬಿ, ತಿಪಟೂರಿನಂಥ ಊರುಗಳಲ್ಲಿ ಪಿಟೀಲು ಕಲಿತು, ರಾಮನವಮಿ ಮತ್ತು ಗಣೇಶೋತ್ಸವದ ಕಛೇರಿಗಳಲ್ಲಿ ಪಕ್ಕವಾದ್ಯ ನುಡಿಸುವಷ್ಟು ಪಳಗಿದವರು ಇನ್ನೊಂದು ವಾದ್ಯ ಬೇಕೆನಿಸಿದಾಗ ಕೀಬೋರ್ಡಿನ ಕಡೆಗೋ ಗಿಟಾರಿನ ಕಡೆಗೋ ಹೊರಳುವುದುಂಟು. ಕರ್ನಾಟಕ ಸಂಗೀತದಲ್ಲಿಯೇ ಆಳಕ್ಕಿಳಿಯಬೇಕೆಂಬವರು ವೀಣೆಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ಎರಡು ವಾದ್ಯಗಳ ನಂಟು ಹಳೆಯದು. ವೈಣಿಕರಾಗಿದ್ದ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು; ಮೈಸೂರಿನ ವೀಣೆ ಶೇಷಣ್ಣನವರು (1852–1926) ಪಿಟೀಲನ್ನೂ ನುಡಿಸಬಲ್ಲವರಾಗಿದ್ದರು.

ಅಭ್ಯಾಸಕ್ಕೂ ಕಛೇರಿಯ ಆರಂಭಕ್ಕೂ ಬಳಸುವ ರಚನೆಗಳಾದ ವರ್ಣಗಳನ್ನು ಎರಡು ಕಾಲಗಳಲ್ಲಿ, ಅಂದರೆ ಎರಡು ವೇಗಗಳಲ್ಲಿ, ಶ್ರುತಿ ತಪ್ಪದೆ ನುಡಿಸುವ ಹಂತ ತಲುಪುವವರೆಗೆ ಎರಡನೆಯ ವಾದ್ಯವನ್ನು ಮುಟ್ಟದಿರುವುದು ಲೇಸು. ಅಲ್ಲಿಗೆ ಬಂದ ಮೇಲೆ ಮೊದಲು ಅರಿಯಬೇಕಾದದ್ದು ತಂತಿಗಳ ಲೆಕ್ಕ. ಪಿಟೀಲಿನ ತಂತಿಗಳು ಮೇಲಿನ ಸ್ಥಾಯಿಯಿಂದ ಕೆಳಕ್ಕೆ ಮಧ್ಯ ಪಂಚಮ, ಮಧ್ಯ ಷಡ್ಜ, ಮಂದ್ರ ಪಂಚಮ, ಮಂದ್ರ ಷಡ್ಜಗಳಾದರೆ, ವೀಣೆಯ ನಾಲ್ಕು ಮುಖ್ಯ ತಂತಿಗಳು ಮಧ್ಯ ಷಡ್ಜ, ಮಂದ್ರ ಪಂಚಮ, ಮಂದ್ರ ಷಡ್ಜ, ಅನುಮಂದ್ರ ಪಂಚಮಗಳು. ಅಂದರೆ ಪಿಟೀಲಿನ ಮೊದಲ ತಂತಿ ಇಲ್ಲಿಲ್ಲ, ಕೆಳಗೆ ಹೊಸದೊಂದು ಸೇರಿದೆ. ಪಿಟೀಲಿನಲ್ಲಿ ಪಂಚಮಕ್ಕೆ ತಂತಿ ಬದಲಿಸುವ ಕೈ ವೀಣೆಯಲ್ಲಿ ಸಾರಣಿ ತಂತಿಯ, ಅಂದರೆ ಮಧ್ಯ ಷಡ್ಜದ ತಂತಿಯ, ಉದ್ದಕ್ಕೂ ಸಾಗಬೇಕು: ಏಳನೆಯ ಮೆಟ್ಟಿಲು (ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿ) ಪಂಚಮ, ಹನ್ನೆರಡನೆಯದು ತಾರ ಷಡ್ಜ, ಇಪ್ಪತ್ತನಾಲ್ಕನೆಯದು ಅತಿತಾರ ಷಡ್ಜ.

ಶ್ರುತಿಯ ವಿಷಯದಲ್ಲಿ ಆತುರ ಬೇಡ. ಗಾಯಕಿಯರಿಗೆ ಐದು, ಐದೂವರೆ ಮನೆಗೆ (ಮನೆ ಎಂದರೆ ಶ್ರುತಿಯ ಎತ್ತರದ ಅಳತೆ) ಪಿಟೀಲನ್ನು ಏರಿಸಿ ರೂಢಿಯಿದ್ದವರು ವೀಣೆಯನ್ನೂ ಹಾಗೆ ಏರಿಸಲು ಹೋದರೆ ತಂತಿ ತುಂಡಾಗುತ್ತದೆ. ಎರಡೂವರೆಯಿಂದ ಮೂರು ಮನೆ ಸಾಕು.

ಬಲಗೈಗೆ ಇದು ಹೊಸ ಕೆಲಸ. ಕಮಾನು ಸ್ವರವನ್ನು ಬೇಕಾದಷ್ಟು ಹೊತ್ತು ಹಿಡಿದಿಡುತ್ತದೆ. ವೀಣೆಯ ಸ್ವರ ಮೀಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಆದ್ದರಿಂದ ತೋರುಬೆರಳು, ನಡುಬೆರಳುಗಳಿಂದ ಒಂದಾದ ಮೇಲೊಂದರಂತೆ ಮೀಟುವುದನ್ನು ಆರಂಭದ ಸ್ವರಪಾಠಗಳಾದ ಸರಳೆ ಮತ್ತು ಜಂಟಿ ವರಸೆಗಳ ಮೂಲಕ, ಏನೂ ತಿಳಿಯದ ವಿದ್ಯಾರ್ಥಿಯಂತೆ, ಮೊದಲಿನಿಂದ ಕಲಿಯಬೇಕು. ಕಿರುಬೆರಳು ತಾಳದ ಮೂರು ತಂತಿಗಳನ್ನು ನೋಡಿಕೊಳ್ಳುತ್ತದೆ. ಕೃತಿಗಳಿಗೆ ಬಂದಾಗ ಸಾಹಿತ್ಯದ ಅಕ್ಷರ ಎಲ್ಲಿ ಬೀಳುವುದೋ ಅಲ್ಲಿ ಮೀಟು ಬೀಳಬೇಕು, ಹೀಗಾಗಿ ಪದಗಳನ್ನು ಹಾಡಿಕೊಳ್ಳದೆ ನುಡಿಸುವ ಅಭ್ಯಾಸವಿದ್ದರೆ ಅದನ್ನು ಬಿಡುವುದು ಅನಿವಾರ್ಯ.

ಎಡಗೈಯಲ್ಲಿ ಪಿಟೀಲುವಾದಕರಿಗೆ ನಿಜವಾದ ಬಂಡವಾಳವಿದೆ, ಆದರೆ ಅದು ಇರುವುದು ಬೆರಳಿನಲ್ಲಿ ಅಲ್ಲ, ಕಿವಿಯಲ್ಲಿ. ಪಿಟೀಲಿನಲ್ಲಿ ಗಮಕವನ್ನು, ಅಂದರೆ ಸ್ವರದ ಓಲಾಟವನ್ನು, ತಂತಿಯ ಉದ್ದಕ್ಕೆ ಬೆರಳು ಜಾರಿಸಿ ತರುತ್ತೇವೆ. ವೀಣೆಯಲ್ಲಿ ಜಾರುವಿನ ಜೊತೆಗೆ, ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮುಂದಿನ ಸ್ವರಗಳನ್ನು ಹೊರಡಿಸುತ್ತೇವೆ. ಎಷ್ಟು ಎಳೆಯಬೇಕೆಂಬುದನ್ನು ಮೆಟ್ಟಿಲು ಹೇಳುವುದಿಲ್ಲ. ಖರಹರಪ್ರಿಯದ ಋಷಭದ ಮೆಟ್ಟಿಲಿನಲ್ಲಿ ತೋರುಬೆರಳು, ನಡುಬೆರಳುಗಳನ್ನು ಜೋಡಿಸಿಟ್ಟು, ತಂತಿಯನ್ನೆಳೆದು ಗಾಂಧಾರವನ್ನು ಮುಟ್ಟಿಸಿ. ಕೂಡಲೇ ಗಾಂಧಾರದ ಮೆಟ್ಟಿಲನ್ನೇ ಒತ್ತಿ ಮೀಟಿ, ಎರಡೂ ಒಂದೇ ಸ್ಥಾನದಲ್ಲಿ ನಿಂತವೇ ಎಂದು ಕೇಳಿನೋಡಿ. ಮೆಟ್ಟಿಲಿಲ್ಲದ ವಾದ್ಯದಲ್ಲಿ ವರ್ಷಗಟ್ಟಲೆ ಸ್ವರಸ್ಥಾನ ಹುಡುಕಿದ ಕಿವಿಗೆ ಕೂದಲೆಳೆಯ ವ್ಯತ್ಯಾಸವೂ ಗೊತ್ತಾಗುತ್ತದೆ. ಮೊದಮೊದಲು ಬೆರಳ ತುದಿ ಉರಿಯುವುದು ಸಹಜ. ಉರಿ ಹೆಚ್ಚಿದ ದಿನ ನಿಲ್ಲಿಸಬೇಕೇ ಹೊರತು ಹಟ ಹಿಡಿಯಬಾರದು.

ಎರಡು ವಾದ್ಯಗಳನ್ನು ಒಂದೇ ಮನೆಯಲ್ಲಿ ನುಡಿಸುವವರು ಎಣ್ಣೆಯ ಬಗ್ಗೆ ಬಹಳ ಎಚ್ಚರವಾಗಿರಬೇಕು. ಬೆರಳು ಸಲೀಸಾಗಿ ಜಾರಲೆಂದು ವೈಣಿಕರು ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಅದೇ ಕೈ ಕಮಾನಿನ ಕೂದಲನ್ನೋ ಪಿಟೀಲಿನ ತಂತಿಯನ್ನೋ ಮುಟ್ಟಿದರೆ ಜಿಡ್ಡಿನಲ್ಲಿ ರಾಳ ಹಿಡಿಯುವುದಿಲ್ಲ, ಕಮಾನು ಜಾರುತ್ತದೆ, ನಾದ ಸೀಳುತ್ತದೆ. ಹಾಗಾಗಿ ದಿನವೂ ಪಿಟೀಲಿನ ಸಾಧನೆ ಮೊದಲು, ವೀಣೆ ಆಮೇಲೆ ಎಂದಿಟ್ಟುಕೊಳ್ಳಿ. ಕ್ರಮ ತಿರುಗಿಸಲೇಬೇಕಾದರೆ ಕೈಯನ್ನು ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ.

ವಾದ್ಯ ಕೊಳ್ಳುವಾಗ ಗುರುಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ವೀಣೆಯನ್ನು ಹೆಚ್ಚಾಗಿ ಹಲಸಿನ ಮರದಲ್ಲಿ ಮಾಡುತ್ತಾರೆ. ಒಂದೇ ಮರದಲ್ಲಿ ಕೆತ್ತಿದ ಏಕಾಂಡ ವೀಣೆಗೆ ಬೆಲೆ ಹೆಚ್ಚು, ಕಲಿಕೆಗೆ ಜೋಡಣೆಯ ವೀಣೆಯೂ ಸಾಕು. ದಂಡಿ (ಮೆಟ್ಟಿಲುಗಳಿರುವ ಉದ್ದನೆಯ ಭಾಗ) ಬಾಗಿಲ್ಲವೇ, ಪ್ರತಿ ಮೆಟ್ಟಿಲಿನಲ್ಲಿ ತಂತಿ ಗರಗರ ಎನ್ನದೆ ನುಡಿಯುವುದೇ ಎಂದು ಪರೀಕ್ಷಿಸಿ. ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಶಿರಾ, ಪಾವಗಡದ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆಯನ್ನು ಬಿಡಲೇಬಾರದು. ಮೇಣ ಮೆದುವಾಗಿ ಮೆಟ್ಟಿಲು ಸರಿದರೆ ಸ್ವರಸ್ಥಾನಗಳೆಲ್ಲ ಕೆಡುತ್ತವೆ, ಮತ್ತೆ ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸಲು, ಕುಶಲಕರ್ಮಿಯೇ ಬೇಕು.

ಪಾಠಕ್ಕೆ ಪಿಟೀಲಿನಲ್ಲಿ ಈಗಾಗಲೇ ಬಾಯಿಪಾಠವಾಗಿರುವ ಗೀತೆ, ವರ್ಣಗಳನ್ನೇ ಆರಿಸಿಕೊಂಡರೆ ಮನಸ್ಸು ಪೂರ್ತಿಯಾಗಿ ಕೈಯ ಮೇಲೆ ನಿಲ್ಲುತ್ತದೆ. ಒಂದೆರಡು ವರ್ಣಗಳು ಹದಕ್ಕೆ ಬಂದ ಮೇಲೆ ತಾನವನ್ನು (ತಾಳವಿಲ್ಲದಿದ್ದರೂ ಲಯದ ನಡೆಯಲ್ಲಿ ರಾಗವನ್ನು ವಿಸ್ತರಿಸುವ ಕ್ರಮವನ್ನು) ಕೇಳಿ ಕಲಿಯಿರಿ, ಏಕೆಂದರೆ ವೀಣೆಯ ಹಿರಿಮೆ ಇರುವುದೇ ಅಲ್ಲಿ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳಿಂದ ಆರಂಭಿಸುವುದು ಸಂಪ್ರದಾಯ. ವೀಣೆಯಲ್ಲಿ ಕಲಿತ ತಾನದ ತುಣುಕನ್ನು ಮರುದಿನ ಬೆಳಿಗ್ಗೆ ಪಿಟೀಲಿನ ಮೇಲೆ, ಪ್ರತಿ ಮೀಟಿಗೆ ಒಂದು ಗಿಡ್ಡ ಕಮಾನಿನಂತೆ, ನುಡಿಸಿ ನೋಡಬೇಕು.