ಡಿ ಅಂಡ್ ಡಿ ರಾಕ್ಷಸರಿಗೆ ನಾನು ಕಟ್ಟಿದ ವಂಶಾವಳಿ

ಕೂತು ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಆಟದಲ್ಲಿ ವಿಚಿತ್ರ ಜೀವಿಗಳ ಕೈಪಿಡಿಯಾದ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ರಾಕ್ಷಸರಿಗೂ ಒಂದು ಪುಟ ಇದೆ. ಹುಲಿಯ ತಲೆ, ಶ್ರೀಮಂತರ ಉಡುಪು, ಹಿಂದುಮುಂದಾದ ಅಂಗೈ. 2014ರ ಐದನೇ ಆವೃತ್ತಿಯ ಪ್ರಕಾರ ಇವರು ನರಕದ ಪಿಶಾಚಿಗಳು. ಕೊಂದರೆ ನರಕಕ್ಕೆ ಮರಳಿ, ಮತ್ತೆ ಮೈ ತಳೆದು, ಕೊಂದವನ ಮೇಲೆ ಸೇಡಿಗೆ ಬರುತ್ತಾರೆ. ನಾನು ಬೆಂಗಳೂರಿನಲ್ಲಿ ಕನ್ನಡದಲ್ಲೇ ಆಟ ನಡೆಸುವ ಡಿಎಂ, ಅಂದರೆ ಕಥೆ ಹೇಳಿ ನಿಯಮ ನೋಡಿಕೊಳ್ಳುವ ಡಂಜನ್ ಮಾಸ್ಟರ್. ಈ ಪುಟವನ್ನು ಇದ್ದ ಹಾಗೇ ಟೇಬಲ್ಲಿಗೆ ತಂದರೆ ನಮ್ಮವರು ಹೆದರುವುದಿಲ್ಲ, ನಗುತ್ತಾರೆ. ಹುಲಿಮುಖ ಕಂಡ ಕೂಡಲೇ ಯಾರಾದರೊಬ್ಬರು ಮಂಗಳೂರಿನ ಹುಲಿವೇಷದ ತಾಸೆ ಬಡಿಯುವುದಂತೂ ಖಂಡಿತ.

ಈ ರೂಪ ಬಂದದ್ದು ಪುರಾಣದಿಂದಲ್ಲ, ಟಿವಿಯಿಂದ. 1974ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋಲ್ಚಾಕ್ ಧಾರಾವಾಹಿಯ ಒಂದು ಕಂತಿನಲ್ಲಿ, ಬಲಿಯಾಗುವವರು ನಂಬಿದ ವ್ಯಕ್ತಿಯ ರೂಪ ತಾಳಿ ಬಂದು ಷಿಕಾಗೋದ ಮುದುಕರನ್ನು ತಿನ್ನುವ ರಾಕ್ಷಸನೊಬ್ಬ ಇದ್ದ. ಅವನನ್ನು ಕೊಲ್ಲಲು ಮಂತ್ರಿಸಿದ ಅಡ್ಡಬಿಲ್ಲಿನ ಬಾಣವೇ ಬೇಕು. ಮರುವರ್ಷ ಡಿಸೆಂಬರ್‌ನಲ್ಲಿ ದಿ ಸ್ಟ್ರಾಟೆಜಿಕ್ ರಿವ್ಯೂ ಪತ್ರಿಕೆಯ ಮೂಲಕ ರಾಕ್ಷಸರು ಆಟಕ್ಕೆ ಬಂದಾಗ ಜೊತೆಗೆ ಆ ಬಾಣವೂ ಬಂತು. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಹುಲಿರಾಯ ಪೈಪು ಹಿಡಿದು ಆರಾಮಾಗಿ ಕೂತಿದ್ದಾನೆ. ಚಿತ್ರ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ.

ಬದಲಿ ಹುಡುಕಲು ಹೊರಟರೆ ನಮ್ಮಲ್ಲೇ ಒಮ್ಮತ ಇಲ್ಲ. ಮಹಾಭಾರತದ ಆದಿಪರ್ವ ರಾಕ್ಷಸರನ್ನು ಪುಲಸ್ತ್ಯನ ಸಂತಾನ ಎನ್ನುತ್ತದೆ. ವಿಷ್ಣುಪುರಾಣ ಒಂದು ಕಡೆ ಕತ್ತಲಲ್ಲಿ ಹಸಿದ ಬ್ರಹ್ಮನಿಂದ ಹುಟ್ಟಿದವರು ಎಂದರೆ, ಇನ್ನೊಂದು ಕಡೆ ಕಶ್ಯಪನ ಹೆಂಡತಿ ಖಸೆಯ ಮಕ್ಕಳು ಎನ್ನುತ್ತದೆ. ರಾಮಾಯಣದ ಉತ್ತರಕಾಂಡದಲ್ಲಿ ಬ್ರಹ್ಮ ನೀರನ್ನು ಸೃಷ್ಟಿಸಿ, ಅದನ್ನು ಕಾಯಲು ಜೀವಿಗಳನ್ನು ಮಾಡುತ್ತಾನೆ. ಕಾಯುತ್ತೇವೆ ಎಂದವರು ರಾಕ್ಷಸರಾದರು. ಅಂದರೆ ಮೂಲದಲ್ಲಿ ಕಾವಲುಗಾರರು!

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ ಕಾಂಡದ ಸುಕೇಶನ ಕಥೆ. ಸಾಲಕಟಂಕಟೆ ಎಂಬ ರಾಕ್ಷಸಿ ಮಂದರ ಪರ್ವತದಲ್ಲಿ ಹೆತ್ತ ಮಗುವನ್ನು ಅಲ್ಲೇ ಬಿಟ್ಟು ಗಂಡನ ಬಳಿ ಓಡುತ್ತಾಳೆ. ಮಗು ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಅಳುತ್ತದೆ. ನಂದಿಯ ಮೇಲೆ ಹೋಗುತ್ತಿದ್ದ ಶಿವಪಾರ್ವತಿಯರಿಗೆ ಕೇಳಿಸುತ್ತದೆ. ಶಿವ ಆ ಕೂಸನ್ನು ತಾಯಿಯಷ್ಟೇ ವಯಸ್ಸಿನವನನ್ನಾಗಿ ಮಾಡುತ್ತಾನೆ. ಪಾರ್ವತಿ ಇಡೀ ಕುಲಕ್ಕೇ ವರ ಕೊಡುತ್ತಾಳೆ: ರಾಕ್ಷಸಿಯರು ಗರ್ಭ ಧರಿಸಿದ ಕೂಡಲೇ ಹೆರಲಿ, ಹುಟ್ಟಿದ ಮಗು ಕೂಡಲೇ ತಾಯಿಯ ವಯಸ್ಸಿಗೆ ಬೆಳೆಯಲಿ.

ನರಕದಿಂದ ಮರಳಿ ಬರುವ ನಿಯಮ ತೆಗೆದು ಇದನ್ನೇ ಹಾಕಿದೆ. ಸಂಜೆ ಗೆದ್ದ ಕೋಟೆಯ ಎದುರು ಬೆಳಗಾಗುವಷ್ಟರಲ್ಲಿ ಹೊಸ ಸೇನೆ ನಿಂತಿರುತ್ತದೆ, ಅದರಲ್ಲಿ ಒಬ್ಬನಿಗೂ ಬಾಲ್ಯ ಗೊತ್ತಿಲ್ಲ. ಸಂಧಾನಕ್ಕೆ ಬಂದ ರಾಕ್ಷಸ ದೂತ ಬೀದಿಯಲ್ಲಿ ಗೋಲಿ ಆಡುವ ಹುಡುಗರನ್ನು ನೋಡಿ, 'ಇವರು ಯಾವ ಜಾತಿಯ ಕುಳ್ಳರು?' ಎಂದು ಕೇಳಿದ. ಆಟಗಾರರಲ್ಲೊಬ್ಬಳು ಅವನಿಗೆ ಗೋಲಿ ಕಲಿಸಲು ಕೂತಳು. ಆ ಸೆಷನ್ ಪೂರ್ತಿ ಅಲ್ಲೇ ಹೋಯಿತು.

ಇನ್ನೊಂದು ಎಳೆ ಕನ್ನಡದ್ದೇ. ಜೈನ ಕವಿ ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣ ವಿದ್ಯಾಧರ ವಂಶದ, ಅಂದರೆ ವಿದ್ಯೆಗಳ ಬಲವಿರುವ ಮನುಷ್ಯರ ದೊರೆ. ದೆವ್ವವೂ ಅಲ್ಲ, ನರಭಕ್ಷಕನೂ ಅಲ್ಲ. ಈ ಜೈನ ಪರಂಪರೆಯ ಹಿಂದಿರುವ ವಿಮಲಸೂರಿಯ ಪ್ರಾಕೃತ ಕಾವ್ಯದಲ್ಲಿ ಹತ್ತು ತಲೆಗೂ ಲೆಕ್ಕ ಇದೆ: ಮಗು ರಾವಣ ಹಾಕಿಕೊಂಡ ಹಾರದ ರತ್ನಗಳಲ್ಲಿ ಅವನ ಮುಖದ ಒಂಬತ್ತು ಪ್ರತಿಬಿಂಬ ಕಂಡವಂತೆ.

ಇವುಗಳಲ್ಲಿ ಯಾವುದು ನಿಜ ಎಂದು ನಾನು ತೀರ್ಮಾನ ಮಾಡಲಿಲ್ಲ, ನನ್ನ ನೋಟ್ಸ್‌ನಲ್ಲೂ ಬರೆದುಕೊಂಡಿಲ್ಲ. ಲಂಕೆಯಿರುವ ತ್ರಿಕೂಟ ಬೆಟ್ಟದ ರಾಕ್ಷಸರು ತಮ್ಮನ್ನು ಕಾವಲುಗಾರರು ಎನ್ನುತ್ತಾರೆ, ಊರ ಪುರೋಹಿತರು ಹಸಿವಿಗೆ ಹುಟ್ಟಿದವರು ಎನ್ನುತ್ತಾರೆ, ಬೆಟ್ಟದ ಮುನಿಗಳು ವಿದ್ಯೆ ಬಲ್ಲ ಮನುಷ್ಯರಷ್ಟೇ ಎನ್ನುತ್ತಾರೆ.

ತೊಡಕು ಬಂದದ್ದು ಆಟದ ನಿಯಮದಲ್ಲಿ. ದೈವಭಕ್ತ ಯೋಧನ ಪಾತ್ರವಾದ ಪ್ಯಾಲಡಿನ್‌ಗೆ ಡಿವೈನ್ ಸೆನ್ಸ್ ಎಂಬ ಶಕ್ತಿ ಇದೆ. ಅರವತ್ತು ಅಡಿಯೊಳಗೆ ಪಿಶಾಚಿಯೋ ದೇವಲೋಕದವರೋ ಇದ್ದರೆ ತಿಳಿಯುತ್ತದೆ. ಜೀವಿಯ ಗುಣಲಕ್ಷಣ ಬರೆಯುವ ಸ್ಟ್ಯಾಟ್ ಬ್ಲಾಕ್‌ನಲ್ಲಿ 'ಫೀಂಡ್' (ಪಿಶಾಚಿ) ಎಂದು ಬರೆದರೆ ಪುರೋಹಿತರು ಗೆದ್ದ ಹಾಗೆ, 'ಹ್ಯೂಮನಾಯ್ಡ್' (ಮನುಷ್ಯರಂಥವರು) ಎಂದರೆ ಮುನಿಗಳು. ಶತಮಾನಗಳ ಜಗಳ ಒಂದೇ ಆ್ಯಕ್ಷನ್‌ನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಪ್ಯಾಲಡಿನ್ ಯಾವ ದೈವಕ್ಕೆ ನಡೆದುಕೊಳ್ಳುತ್ತಾನೋ ಆ ದೈವದ ಕಣ್ಣಿಗೆ ಕಂಡದ್ದೇ ಅವನಿಗೂ ಕಾಣುತ್ತದೆ ಎಂದು ನಿಯಮ ತಿದ್ದಿದೆ. ನಮ್ಮ ಗುಂಪಿನಲ್ಲಿ ಪ್ಯಾಲಡಿನ್‌ಗಳು ಇಬ್ಬರು. ಒಬ್ಬನಿಗೆ ದೂತನ ಮೈಯಿಂದ ಗಂಧಕದ ನಾತ, ಇನ್ನೊಬ್ಬಳಿಗೆ ಮಳೆಗಾಲದ ಕೆರೆಯ ವಾಸನೆ. ಇಬ್ಬರಿಗೂ ಬೇರೆ ಬೇರೆ ಚೀಟಿ ಕೊಟ್ಟು ಸುಮ್ಮನೆ ಕೂತೆ.

ಪ್ರವೇಶಕ್ಕೆ ಮಾತ್ರ ಯಕ್ಷಗಾನದ ಬಣ್ಣದ ವೇಷದ ಕ್ರಮ ಬಿಟ್ಟಿಲ್ಲ: ಮೊದಲು ತೆರೆಯ ಹಿಂದಿನ ಆರ್ಭಟ, ಮುಖ ಆಮೇಲೆ.

ಈಗ ಗುಂಪು ಎರಡಾಗಿದೆ. ಉತ್ತರಕಾಂಡದ ಲೆಕ್ಕದಲ್ಲಿ ಲಂಕೆಯಲ್ಲಿ ಕುಬೇರನಿಗಿಂತ ಮೊದಲು ಇದ್ದವರು ಸುಕೇಶನ ಮಕ್ಕಳು ಮಾಲ್ಯವಂತ, ಸುಮಾಲಿ, ಮಾಲಿ. ಅದನ್ನೇ ಹಿಡಿದು ನನ್ನ ರಾಕ್ಷಸರು ಕೋಟೆ ವಾಪಸ್ ಕೇಳುತ್ತಿದ್ದಾರೆ. ಗೋಲಿ ಕಲಿಸಿದವಳು ಅವರ ಪರ ವಾದಿಸಲು ಒಪ್ಪಿದ್ದಾಳೆ. ಗಂಧಕದ ನಾತ ಬಡಿದವನು ಕುಬೇರನ ಕಡೆ. ಮುಂದಿನ ಭಾನುವಾರದೊಳಗೆ ಎರಡೂ ಕಡೆಯ ತಾಮ್ರಪಟ ನಾನು ಬರೆದಿಡಬೇಕು.