ಬೇಕು, ಸಾಕು ಮತ್ತು ನೋಟ್‌ಬುಕ್ಕಿನ ಕೊನೇ ಪುಟ

ನಮ್ಮ ಅಜ್ಜಿ ಪಾವಿನಿಂದ ಕುಚ್ಚಲಕ್ಕಿ ಅಳೆದು ಮೊರಕ್ಕೆ ಹಾಕುತ್ತಿದ್ದರು. ಕಲ್ಲು ಆರಿಸುತ್ತಿದ್ದರು. ಆಮೇಲೆ ಆ ಮೊರದಿಂದಲೇ ಒಂದು ಹಿಡಿ ಅಕ್ಕಿ ತೆಗೆದು ಒಲೆ ಪಕ್ಕದ ಹಾರ್ಲಿಕ್ಸ್ ಬಾಟಲಿಗೆ ಸುರಿಯುತ್ತಿದ್ದರು. ಉಳಿದದ್ದು ಗಂಜಿ ಪಾತ್ರೆಗೆ. ಭಾನುವಾರ ಆ ಅಕ್ಕಿ ಬಟ್ಟೆ ಚೀಲದಲ್ಲಿ ಚರ್ಚಿಗೆ ಹೋಗುತ್ತಿತ್ತು. ಸ್ತ್ರೀಯರ ಕೂಟದವರು ಎಲ್ಲರ ಮನೆಯ ಹಿಡಿ ಅಕ್ಕಿ ಒಟ್ಟು ಮಾಡಿ ಕಷ್ಟದಲ್ಲಿರುವ ಮನೆಗೆ ಮುಟ್ಟಿಸುತ್ತಿದ್ದರು.

ಒಮ್ಮೆ ಕೇಳಿದ್ದೆ, "ಅಜ್ಜೀ, ಗೋಣಿಯಿಂದಲೇ ತೆಗೆಯಬಹುದಲ್ವಾ? ಅಳೆದದ್ದರಿಂದ ಯಾಕೆ?"

"ಗೋಣಿಯಿಂದ ತೆಗೆದರೆ ನಮಗೆ ಗೊತ್ತೇ ಆಗುದಿಲ್ಲ ಮಗಾ. ಇದು ನಮ್ಮ ಬಟ್ಟಲಿನದ್ದು" ಅಂದಿದ್ದರು.

ಅವರ ಮಾತು ನನಗೆ ಅರ್ಥವಾಗುವ ಹೊತ್ತಿಗೆ ನನಗೆ 43 ವರ್ಷ ಆಗಿತ್ತು. ತಲೆ ಮೇಲೆ ನಾಲ್ಕು ಸಾಲ ಇತ್ತು.

ನಾವು ಮಂಗಳೂರಿನವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ. 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಅಜ್ಜನ ಅಪ್ಪ ಅಲ್ಲಿ ಮಣ್ಣು ತುಳಿದವರು. ಕ್ರೈಸ್ತರಾದವರು ಎಷ್ಟೋ ಸಲ ಮನೆ, ಗದ್ದೆ, ಕುಲಕಸುಬು ಎಲ್ಲ ಬಿಟ್ಟು ಬರಬೇಕಾಗುತ್ತಿತ್ತು. ಅಂಥವರಿಗೆ ಕೈಗೊಂದು ಕೆಲಸ ಬೇಕಿತ್ತು. ಆ ತಲೆಮಾರಿನವರಿಗೆ ಪ್ರಾರ್ಥನೆ ಬೇರೆ, ದುಡ್ಡಿನ ಲೆಕ್ಕ ಬೇರೆ ಆಗಿರಲಿಲ್ಲ. ನಮ್ಮ ಕಾಲಕ್ಕೆ ಬರುವಾಗ ಅವೆರಡೂ ಬೇರೆ ಬೇರೆ ಆಗಿಬಿಟ್ಟಿದ್ದವು. ಭಾನುವಾರ ಚರ್ಚು, ಸೋಮವಾರ ಇಎಂಐ.

ನಾನು ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮವರು ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2019ರಲ್ಲಿ ಇಬ್ಬರದ್ದೂ ಸೇರಿ ತಿಂಗಳಿಗೆ 42,000 ರೂಪಾಯಿ. ಅದರಲ್ಲಿ ಮನೆ ಸಾಲಕ್ಕೆ 9,200, ಕಾರಿಗೆ 7,850, ಫ್ರಿಜ್ಜು ಟೀವಿಗೆ 2,300. ಮತ್ತೆ ಕ್ರೆಡಿಟ್ ಕಾರ್ಡು. ದಶಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು ದೇವರಿಗೆ, ಕೊಡುತ್ತಿದ್ದೇವೆ ಅಂತ ನಾನು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ತಿಂಗಳ ಕೊನೆಗೆ ಉಳಿದದ್ದನ್ನು ಕವರಿಗೆ ಹಾಕುತ್ತಿದ್ದೆ. ಕೆಲವು ತಿಂಗಳು 200, ಕೆಲವು ತಿಂಗಳು ಏನೂ ಇಲ್ಲ.

ಸಾಲ ಜಾಸ್ತಿ ಆದಾಗ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದೆ. ಅಲ್ಲಿ ಬೋಧಿಸುವವರು, ನಂಬಿಕೆಯಿಂದ ದುಡ್ಡನ್ನು ಬೀಜದ ಹಾಗೆ ಬಿತ್ತಿದರೆ ದೇವರು ನೂರರಷ್ಟು ತಿರುಗಿ ಕೊಡುತ್ತಾನೆ ಅಂದರು. ಕಾರ್ಡಿನಿಂದ 5,000 ತೆಗೆದು ಕೊಟ್ಟೆ. ನಮ್ಮವರಿಗೆ ಹೇಳಲಿಲ್ಲ. ನೂರರಷ್ಟು ಬರಲಿಲ್ಲ, ಬಡ್ಡಿ ಬಂತು. ಈಗ ಯೋಚಿಸುವಾಗ ಬೇಸರ ಆಗುವುದು ದುಡ್ಡು ಹೋದದ್ದಕ್ಕಲ್ಲ. ದೇವರ ಜೊತೆ ವ್ಯಾಪಾರಕ್ಕೆ ನಿಂತಿದ್ದೆನಲ್ಲ, ಅದಕ್ಕೆ. ಕೊಡುವುದು ಕೃತಜ್ಞತೆಗೆ. ಹೆಚ್ಚು ಸಿಗಲಿ ಅಂತ ಕೊಟ್ಟರೆ ಅದೂ ಒಂದು ಆಸೆಯೇ, ಕಾಣಿಕೆ ಕವರಿನೊಳಗೆ ಕೂತ ಆಸೆ. ಇದನ್ನು ಯಾರು ಕೇಳಿದರೂ ನೇರವಾಗಿ ಹೇಳುತ್ತೇನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಇವರ ಸಂಬಳ ಅರ್ಧಕ್ಕೆ ಇಳಿಯಿತು. ಬೇಸಿಗೆ ರಜೆ ಕಳೆದ ಮೇಲೆ ನನ್ನದೂ ಅರ್ಧ. ಸಾಲದ ಕಂತು ಕೆಲವು ತಿಂಗಳು ಕಟ್ಟದೆ ಇರಬಹುದು ಅಂತ ಬಂತು. ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ತನಕ. ನಮಗೆ ದೊಡ್ಡ ಬಿಡುಗಡೆ ಸಿಕ್ಕಿತು ಅನ್ನಿಸಿತು. ಆದರೆ ಕಟ್ಟದ ತಿಂಗಳಿಗೂ ಬಡ್ಡಿ ಬೆಳೆಯುತ್ತಾ ಇರುತ್ತದೆ ಅನ್ನುವುದು ಕಾಗದ ಸರಿಯಾಗಿ ಓದಿದ ಮೇಲೇ ತಿಳಿದದ್ದು.

ಏಪ್ರಿಲ್ 12, ಈಸ್ಟರ್. ಚರ್ಚಿಗೆ ಬೀಗ. ಮನೆಯಲ್ಲೇ ನಾವು ಮೂವರು ಕೂತು ಆರಾಧನೆ ಮಾಡಿದೆವು. ಮಗಳು ಬೈಬಲಿನ 23ನೇ ಕೀರ್ತನೆ ಓದಿದಳು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಸಣ್ಣಂದಿನಿಂದ ಬಾಯಿಪಾಠ ಇರುವ ಮಾತು. ಅವತ್ತು ಆ 'ಕೊರತೆ' ಎಂಬಲ್ಲಿ ಮನಸ್ಸು ಸಿಕ್ಕಿಕೊಂಡಿತು. ಅಂಗಳದಲ್ಲಿ 20 ದಿನದಿಂದ ಅಲುಗಾಡದೆ ನಿಂತ ಕಾರು ಕಿಟಕಿಯಿಂದ ಕಾಣುತ್ತಿತ್ತು. ಅಕ್ಕಿ ಡಬ್ಬದಲ್ಲಿ ಒಂದು ವಾರಕ್ಕಾಗುವಷ್ಟು ಅಕ್ಕಿ ಇತ್ತು. ನಮಗೆ ಇರುವುದು ಕೊರತೆಯೋ, ಅಥವಾ ಬೇಕು ಅನ್ನಿಸಿದ್ದನ್ನೆಲ್ಲ ತಂದ ಭಾರವೋ?

ನಮ್ಮ ಭಾಷೆಯಲ್ಲಿ ಇದೊಂದು ಕಷ್ಟ ಇದೆ. ಅನ್ನ ಬೇಕು, ಕಾರು ಬೇಕು. ಎರಡಕ್ಕೂ ಒಂದೇ 'ಬೇಕು'. ಮನೆಯಲ್ಲಿ ಆಡುವ ತುಳುವಿನಲ್ಲೂ ಎರಡಕ್ಕೂ 'ಬೋಡು'. ಹಾಗಾಗಿ ಬಾಯಿಂದ ಹೊರಬರುವಾಗ ಎರಡೂ ಒಂದೇ ಥರ ಕೇಳಿಸುತ್ತವೆ. ಬೇರೆ ಮಾಡಬೇಕಾದರೆ ಕೂತು ಬರೆಯಲೇಬೇಕು.

ಸುಮ್ನೆ ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡೆ. ಮುಂದಿನ ಪುಟಗಳಲ್ಲಿ ಖರ್ಚು ಬರೆದೆ. ಕೊನೇ ಪುಟದಲ್ಲಿ ಮೂವರೂ ಅವರವರ 'ಬೇಕು' ಬರೆಯಬಹುದು ಅಂತ ಮಾಡಿದೆ. ನಿಯಮ ಒಂದೇ. ಬರೆದ ದಿನ ಕೊಳ್ಳುವ ಹಾಗಿಲ್ಲ. ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ಇರುತ್ತದೆ. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ಆ ಪುಟ ತೆರೆದು ಒಟ್ಟಿಗೆ ಓದುವುದು. ಆ ದಿನವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಒಂದೇ ರೊಟ್ಟಿ ಹಂಚಿಕೊಂಡು ಬಂದ ಮೇಲೆ ಗಂಡ ಹೆಂಡತಿ ದುಡ್ಡಿನ ವಿಷಯಕ್ಕೆ ಗಟ್ಟಿಯಾಗಿ ಜಗಳ ಆಡಲಿಕ್ಕೆ ಬಾಯಿ ಬರುವುದಿಲ್ಲ. ನಮ್ಮ ಮಟ್ಟಿಗಂತೂ ನಿಜ.

ಮೊದಲ ತಿಂಗಳು ಪುಟ ತುಂಬಿ ಹೋಗಿತ್ತು. ಮೂವರೂ ಸೇರಿ 17 ಬರೆದಿದ್ದೆವು. ಓದುವಾಗ ಅದರಲ್ಲಿ 9 ಯಾಕೆ ಬರೆದೆವು ಅಂತ ಬರೆದವರಿಗೇ ನೆನಪಿರಲಿಲ್ಲ. ಹೊಡೆದು ಹಾಕಿದೆವು.

ಕಾರಿನ ಮಾತು ಸುಲಭ ಇರಲಿಲ್ಲ. ಇವರಿಗೆ ಆ ಕಾರು ಬರೀ ಕಾರಲ್ಲ. ಅವರ ಅಪ್ಪ ಜೀವಮಾನ ಇಡೀ ಸೈಕಲ್ ತುಳಿದವರು. ಕಾರಿನಲ್ಲಿ ಚರ್ಚ್ ಕಾಂಪೌಂಡಿಗೆ ಹೋಗಿ ಇಳಿಯುವಾಗ ಇವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. ನಾನು ನೋಡಿದ್ದೇನೆ. ಅದಕ್ಕೇ ಮಾರಿ ಅಂತ ಹೇಳಲಿಲ್ಲ. ಆರು ತಿಂಗಳಲ್ಲಿ ಕಾರು ಎಷ್ಟು ಸಲ ಹೊರಗೆ ಹೋಯಿತು, ಅದಕ್ಕೆ ಕಂತು, ಇನ್ಶೂರೆನ್ಸು, ಪೆಟ್ರೋಲು ಎಷ್ಟಾಯಿತು ಅಂತ ಮಾತ್ರ ಬರೆದಿಟ್ಟೆ. ಅಕ್ಟೋಬರದಲ್ಲಿ ಅವರೇ, "ಕೊಟ್ಟುಬಿಡುವ ಮಾರಾಯ್ತಿ" ಅಂದರು. 1,85,000ಕ್ಕೆ ಹೋಯಿತು. ಸಾಲ 1,62,000 ತೀರಿತು. ಉಳಿದದ್ದು ಕಾರ್ಡಿಗೆ. ಕಾರ್ಡನ್ನು ಕತ್ತರಿಯಿಂದ ನಾನೇ ಕತ್ತರಿಸಿದೆ. ಆವಾಗಿಂದ ಚರ್ಚಿಗೆ ಸಿಟಿ ಬಸ್ಸು.

ಆಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಇದನ್ನು ಹೇಳದಿದ್ದರೆ ಬರೆದದ್ದು ಪೂರ್ತಿ ಆಗುವುದಿಲ್ಲ.

ಉಳಿತಾಯದ ರುಚಿ ಹತ್ತಿತು. ಯಾರು ಏನು ಕೇಳಿದರೂ, "ಇದು ಅಗತ್ಯವೋ, ಆಸೆಯೋ?" ಅಂತ ಕೇಳತೊಡಗಿದೆ. ಶನಿವಾರದ ಬಂಗುಡೆ ನಿಲ್ಲಿಸಿದೆ. ಆ ವರ್ಷದ ಕ್ರಿಸ್ಮಸ್‌ಗೆ ಹಬ್ಬದ ಕುಸ್ವಾರ್ ತಿಂಡಿಗಳನ್ನು ಮಾಡಲಿಲ್ಲ, ನೆವ್ರಿ ಇಲ್ಲ, ಗುಳಿಯೋ ಇಲ್ಲ. ಮಗಳು ಕೊನೇ ಪುಟದಲ್ಲಿ ಪೆನ್ಸಿಲಿನಿಂದ 'ಕೀಬೋರ್ಡ್' ಅಂತ ಬರೆದಿದ್ದಳು. ಮೂರು ತಿಂಗಳು ಬರೆದಳು. ಮೂರು ತಿಂಗಳೂ ಆಸೆ ಅಂತ ಹೊಡೆದು ಹಾಕಿದೆ. ನಾಲ್ಕನೇ ತಿಂಗಳು ಅವಳು ಏನೂ ಬರೆದಿರಲಿಲ್ಲ. ಪುಟ ಬೆಳಕಿಗೆ ಹಿಡಿದಾಗ ಬರೆದು ರಬ್ಬರಿನಿಂದ ಉಜ್ಜಿದ ಗುರುತು ಕಂಡಿತು. 'ಕೀ' ಅನ್ನುವ ಅಕ್ಷರ ಅರ್ಧ ಉಳಿದಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಸಭಾಪಾಲಕರಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಅವರು ಬುದ್ಧಿ ಹೇಳಲಿಲ್ಲ. ಬೈಬಲಿನ ಧರ್ಮೋಪದೇಶಕಾಂಡ 14ನೇ ಅಧ್ಯಾಯ ನಿಧಾನವಾಗಿ ಓದಿ ಅಂದರು. ದಶಾಂಶದ ವಿಷಯ ಅದು. ದೇವರ ಸ್ಥಳ ದೂರ ಇದ್ದರೆ ಬೆಳೆಯ ದಶಾಂಶವನ್ನು ಹಣ ಮಾಡಿಕೊಂಡು ಹೋಗಿ, ಅಲ್ಲಿ ನಿನಗೆ ಇಷ್ಟವಾದದ್ದನ್ನು ಕೊಂಡುಕೊಂಡು, ಮನೆಯವರ ಜೊತೆ ದೇವರ ಮುಂದೆ ಊಟ ಮಾಡಿ ಸಂತೋಷಪಡು ಅಂತ ಅಲ್ಲಿದೆ. ಅದರ ಬೆನ್ನಿಗೇ, ಮೂರನೇ ವರ್ಷದ ದಶಾಂಶ ದೇವರ ಸೇವೆ ಮಾಡುವ ಲೇವಿಯರಿಗೆ, ಪರದೇಶಿಗೆ, ತಂದೆಯಿಲ್ಲದ ಮಕ್ಕಳಿಗೆ, ವಿಧವೆಗೆ ಅಂತಲೂ ಇದೆ. ಎಷ್ಟೋ ವರ್ಷದಿಂದ ದಶಾಂಶದ ಪ್ರಸಂಗ ಕೇಳಿದ್ದೆ. ಇಷ್ಟಪಟ್ಟು ತಿಂದು ಸಂತೋಷಪಡುವುದೂ ಅದೇ ಆಜ್ಞೆಯೊಳಗೆ ಇದೆ ಅನ್ನುವುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಸೆ ಅಂದರೆ ಪಾಪ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅದರ ಹೊರೆ ಹೊತ್ತದ್ದು 12 ವರ್ಷದ ಮಗು.

ಹಳೇ ಕೀಬೋರ್ಡ್ ಒಂದು 6,500ಕ್ಕೆ ಸಿಕ್ಕಿತು. ಎರಡು ಕಪ್ಪು ಕೀಲಿ ಒತ್ತಿದರೆ ಮೇಲೆ ಬರುತ್ತಿರಲಿಲ್ಲ, ರಿಪೇರಿ ಮಾಡಿಸಿದೆವು. ಈಗ ಸಂಡೇ ಸ್ಕೂಲಿನ ಮಕ್ಕಳು ಹಾಡುವಾಗ ಅವಳೇ ನುಡಿಸುತ್ತಾಳೆ. ನುಡಿಸದೆ ಹೋಗಿದ್ದರೂ ಅದನ್ನು ಕೊಂಡದ್ದು ಸರಿಯೇ ಆಗುತ್ತಿತ್ತು.

ಈಗ ಸಂಬಳ ಬಂದ ದಿನ ನಾವು ಮಾಡುವುದು ಇಷ್ಟು. ಮೊದಲು ದಶಾಂಶ ನಗದು ತೆಗೆದು ಕವರಿಗೆ. ಕೊನೆಗೆ ಅಲ್ಲ, ಮೊದಲು. ಅಜ್ಜಿ ಅಳೆದ ಅಕ್ಕಿಯಿಂದ ತೆಗೆದ ಹಾಗೆ, ಅದು ನಮ್ಮ ಬಟ್ಟಲಿನಲ್ಲಿ ಕಡಿಮೆ ಆದದ್ದು ನಮಗೆ ಕಾಣಬೇಕು. ಅದರಲ್ಲಿ ಒಂದು ಭಾಗ 'ಬಾಗಿಲು' ಅಂತ ಬರೆದ ಬೇರೆ ಕವರಿಗೆ ಹೋಗುತ್ತದೆ. ಬಾಗಿಲಿಗೆ ಬಂದು ಕೇಳುವವರಿಗೆ, ಕೇಳಲಿಕ್ಕೆ ನಾಚುವ ನೆರೆಯವರಿಗೆ. ಆಮೇಲೆ ಮನೆ ಸಾಲ, ರೇಷನ್ನು, ಫೀಸು, ಕರೆಂಟು. ಕೊನೆಗೆ 500 ರೂಪಾಯಿ 'ಸಂತೋಷ' ಅನ್ನುವ ಕವರಿಗೆ. ಅದರ ಲೆಕ್ಕ ಯಾರೂ ಕೇಳುವ ಹಾಗಿಲ್ಲ. ಬಂಗುಡೆ ವಾಪಸ್ ಬಂತು.

ಉಳಿತಾಯದ ಬಗ್ಗೆ ನಮ್ಮ ಕೂಟದಲ್ಲಿ ಒಬ್ಬರು ಕೇಳಿದ್ದರು. ಆಸ್ಪತ್ರೆ ಇನ್ಶೂರೆನ್ಸ್ ಮಾಡಿಸುವುದು ಅಂದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಅಲ್ವಾ ಅಂತ. ನನಗೂ ಆ ಅಳುಕು ಇತ್ತು. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರ ಮನ್ನದ ಕಥೆ ಬೈಬಲಿನಲ್ಲಿದೆ. ತಲೆಗೆ ಒಂದು ಓಮೆರ್ ಅಳತೆ, ಅವತ್ತಿನದ್ದು ಅವತ್ತಿಗೆ. ಮರುದಿನಕ್ಕೆ ಇಟ್ಟುಕೊಂಡವರದ್ದು ಹುಳ ಬಿದ್ದು ನಾರಿತು. ಆದರೆ ಅದೇ ಕಥೆಯಲ್ಲಿ ಆರನೇ ದಿನ ಎರಡು ಓಮೆರ್ ಕೂಡಿಸಿಕೊಳ್ಳಿ ಅಂತಲೂ ಇದೆ. ಏಳನೇ ದಿನ ಸಬ್ಬತ್, ಕೆಲಸ ಮಾಡದ ವಿಶ್ರಾಂತಿಯ ದಿನ; ಅದಕ್ಕೆ ಇಟ್ಟದ್ದು ಕೆಡಲಿಲ್ಲ. ಕೂಡಿಸಲಾಗದ ದಿನ ಒಂದು ಬರುತ್ತದೆ ಅಂತ ಗೊತ್ತಿದ್ದು ಅದಕ್ಕಾಗಿ ಇಡುವುದು ಅವಿಶ್ವಾಸ ಅಲ್ಲ ಅಂತ ನಾನು ಅರ್ಥ ಮಾಡಿಕೊಂಡೆ. 2021ರಲ್ಲಿ ಮೂವರಿಗೂ ಸೇರಿಸಿ ಆರೋಗ್ಯ ವಿಮೆ ಮಾಡಿಸಿದೆವು.

ಎಲ್ಲ ಸರಿಯಾಗಿ ನಡೆಯುತ್ತದೆ ಅಂತ ಹೇಳಲಾರೆ. ಹೋದ ಜೂನಿನಲ್ಲಿ ಮಗಳ ಪುಸ್ತಕಕ್ಕೆ ಅಂತ ಬಾಗಿಲಿನ ಕವರಿನಿಂದ ತೆಗೆದೆ. ಅದೇ ವಾರ ಪಕ್ಕದ ಮನೆಯ ಅಕ್ಕ ಡಯಾಲಿಸಿಸ್‌ಗೆ ಹೋಗಲಿಕ್ಕೆ ರಿಕ್ಷಾ ದುಡ್ಡು ಕೇಳಿ ಬಂದರು. ಕವರಿನಲ್ಲಿ ಬರೀ 40 ರೂಪಾಯಿ. ಸಂತೋಷದ ಕವರು ಬಿಚ್ಚಿ ಕೊಟ್ಟೆ. ಅವರು ಹೋದ ಮೇಲೆ ಇವರು ಹತ್ತಿರ ಬಂದು, "ಎರಡು ಕವರೂ ಒಂದೇ ಕಡೆಗೆ ಹೋಯ್ತಲ್ಲ" ಅಂದರು. ಬೇಸರದಿಂದ ಹೇಳಿದ್ದಲ್ಲ ಅಂತ ಮುಖ ನೋಡಿದಾಗ ಗೊತ್ತಾಯಿತು.

ಈ ತಿಂಗಳ ಕೊನೇ ಪುಟದಲ್ಲಿ ನಾಲ್ಕೇ ಸಾಲು ಇದೆ. ಮಾವನ ಕಣ್ಣಿನ ಪೊರೆ ಆಪರೇಷನ್. ಮಗಳಿಗೆ ಮಳೆಗಾಲದ ಶೂ. ನಾನು ಬರೆದ ಮಿಕ್ಸಿ, ಹಳೆಯದು ತೆಂಗಿನಕಾಯಿ ಸರಿಯಾಗಿ ಅರೆಯುತ್ತಿಲ್ಲ. ನಾಲ್ಕನೆಯದ್ದು ಇವರ ಕೈಬರಹ, 'ಸ್ಕೂಟರ್', ಸತತ ಮೂರನೇ ತಿಂಗಳು. ಬಸ್ಸು ಇಳಿದು ಅಂಗಡಿಗೆ ನಡೆಯುವಾಗ ಮೊಣಕಾಲು ನೋಯುತ್ತದೆ ಅಂತ ಬಾಯಿಬಿಟ್ಟು ಹೇಳಿಲ್ಲ. ಬರುವ ಭಾನುವಾರ ಕೂತು ಮಾತಾಡಬೇಕು.