ಕಂಬಳಿ ಹಾಸಿದ ಮೇಲೆ ಬಂದ ನಿದ್ದೆ

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಅಮ್ಮ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ದಂಡೆಯ ಮೇಲೆ ನಾಲ್ಕು ರಾತ್ರಿ ಟೆಂಟಿನಲ್ಲಿ ಮಲಗಿದರು. ಅವರಿಗೆ 68 ವರ್ಷ. ನಾಲ್ಕೂ ರಾತ್ರಿ ಬೆಳಗಿನ ತನಕ ನಿದ್ದೆ ಮಾಡಿದರು. ಹೊರಡುವ ಮುನ್ನ ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಕನ್ನಡದ ಬಳಗದಲ್ಲಿ ಒಬ್ಬರೂ ಇದು ಆಗುವ ಕೆಲಸ ಎನ್ನಲಿಲ್ಲ. ಆ ದಂಡೆಯಲ್ಲಿರುವ ಪೋರ್ಕ್ಯುಪೈನ್ ಮೌಂಟನ್ಸ್ ಉದ್ಯಾನಕ್ಕೆ (ಚಿಕ್ಕದಾಗಿ ಪೋರ್ಕೀಸ್) ಎರಡು ಸಲ ಹೋಗಿ ಸೋತು ಬಂದವನು ನಾನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೊದಲ ಸೋಲು ಜುಲೈ ನಾಲ್ಕರ ರಜೆಯಲ್ಲಿ. ನೆಲಕ್ಕೆ ಹಾಸುವ ಟಾರ್ಪಾಲನ್ನು ಟೆಂಟಿಗಿಂತ ಒಂದಡಿ ದೊಡ್ಡದಾಗಿಯೇ ಹರಡಿದ್ದೆ, ಕಾಲು ಒರೆಸಿಕೊಳ್ಳಲು ಜಾಗ ಸಿಗಲಿ ಎಂದು. ರಾತ್ರಿ ಎರಡು ಗಂಟೆಗೆ ಮಳೆ ಹಿಡಿಯಿತು. ಹೊರಚಾಚಿದ ಅಂಚಿನ ಮೇಲೆ ಬಿದ್ದ ನೀರೆಲ್ಲ ನೇರವಾಗಿ ನಮ್ಮ ಬೆನ್ನಿನ ಕೆಳಗೆ ಹರಿದು ಬಂತು. ಮರುದಿನ ಮೋಟೆಲಿಗೆ 140 ಡಾಲರ್ ಕೊಟ್ಟು ಬಟ್ಟೆ ಒಣಗಿಸಿಕೊಂಡೆವು. ಎರಡನೆಯ ಸಲ ಜೂನ್ ಎರಡನೆಯ ವಾರ. ಮಳೆ ಇರಲಿಲ್ಲ, ಕಪ್ಪು ನೊಣ ಇತ್ತು. ಮಗಳ ಕಿವಿಯ ಹಿಂದೆ, ಕೂದಲಿನ ಅಂಚಿನುದ್ದಕ್ಕೂ ಕಚ್ಚಿ ರಕ್ತದ ಚುಕ್ಕೆ ಎಬ್ಬಿಸಿದವು. ಮೂರು ರಾತ್ರಿಗೆಂದು ಹೋದವರು ಒಂದೇ ರಾತ್ರಿಗೆ ಹಿಂದಿರುಗಿದೆವು. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು 900 ಕಿಲೋಮೀಟರ್. ಹೋಗಿಬರುವ ಪೆಟ್ರೋಲಿಗೇ 200 ಡಾಲರಿನ ಹತ್ತಿರ ಆಗಿತ್ತು.

ಆ ಎರಡು ಪ್ರವಾಸಗಳಲ್ಲೂ ಮಳೆಗಿಂತ, ನೊಣಕ್ಕಿಂತ ಹೆಚ್ಚು ಕಾಡಿದ್ದು ನೆಲದ ಚಳಿ. ಬೇಸಿಗೆಯಲ್ಲೂ ಆ ದಂಡೆಯ ರಾತ್ರಿ ತಣ್ಣಗಿರುತ್ತದೆ. 90 ಡಾಲರಿನ ಗಾಳಿ ಹಾಸಿಗೆ ಕೊಂಡಿದ್ದೆ, ಪಂಪು ಸೇರಿ. ರಾತ್ರಿ ಹನ್ನೆರಡಾಗುವಷ್ಟರಲ್ಲಿ ಅದರೊಳಗಿನ ಗಾಳಿ ತಣ್ಣಗಾಗಿ ಮಂಜುಗಡ್ಡೆಯ ಮೇಲೆ ಮಲಗಿದಂತಾಗುತ್ತಿತ್ತು. ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಶೀತ ಏರುತ್ತಿತ್ತು. ಇನ್ನೂ ಬೆಚ್ಚಗಿನ ಸ್ಲೀಪಿಂಗ್ ಬ್ಯಾಗ್ ಬೇಕು ಎಂದು ಕೆಲವರು ಹೇಳಿದರು, ಕೊಂಡುಕೊಂಡೆ: ಮೂರಕ್ಕೆ 360 ಡಾಲರ್. ಚಳಿ ಹೋಗಲಿಲ್ಲ. ಮೈಭಾರಕ್ಕೆ ಬ್ಯಾಗಿನ ತಳಭಾಗದ ತುಂಬು ಅಪ್ಪಚ್ಚಿಯಾದ ಮೇಲೆ ಅದು ಬೆಚ್ಚಗಿಡುವುದಾದರೂ ಹೇಗೆ?

ಉತ್ತರ ಸಿಕ್ಕಿದ್ದು ಅಮ್ಮನಿಂದ. ಊರಿನಿಂದ ಬರುವಾಗ ಅವರು ಚಳ್ಳಕೆರೆಯ ಕಂಬಳಿ ಎರಡನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದಿದ್ದರು. ಎರಡೂ ಸೇರಿ 5 ಕೆಜಿ ಇದ್ದಿರಬಹುದು, ಅದಕ್ಕಾಗಿ ಹಪ್ಪಳ ಸಂಡಿಗೆಯನ್ನೇ ಬಿಟ್ಟು ಬಂದಿದ್ದರು. ಈ ಸಲ ಹೊದೆಯಲು ಅವೇ ಆಗುತ್ತವೆ ಎಂದು ನಾನು ಹೇಳಿದಾಗ, "ಹೊದ್ದರೆ ಚುಚ್ಚುತ್ತದಪ್ಪ, ಕೆಳಗೆ ಹಾಸು. ನಿಮ್ಮ ತಾತ ಕಡಲೆಕಾಯಿ ಹೊಲ ಕಾಯುವಾಗ ಹಾಗೇ ಮಲಗುತ್ತಿದ್ದರು" ಎಂದರು. ಮನೆಯ ಹಿಂದಿನ ಹುಲ್ಲಿನ ಮೇಲೆ ಟೆಂಟು ಹಾಕಿ ಎರಡು ರಾತ್ರಿ ಪರೀಕ್ಷಿಸಿದೆ. ಮೊಟ್ಟೆಯ ಟ್ರೇ ಹಾಗೆ ಉಬ್ಬುತಗ್ಗು ಇರುವ ಫೋಮಿನ ಚಾಪೆ, ಒಂದಕ್ಕೆ 20 ಡಾಲರ್ ಚಿಲ್ಲರೆ. ಅದರ ಮೇಲೆ ಕಂಬಳಿಯ ಎರಡು ಮಡಿಕೆ, ಅದರ ಮೇಲೊಂದು ಹಳೆಯ ಹತ್ತಿ ಸೀರೆ, ಮೇಲೆ ಅದೇ ಹಳೆಯ ಸ್ಲೀಪಿಂಗ್ ಬ್ಯಾಗ್. ಕಂಬಳಿಯ ಒರಟು ಉಣ್ಣೆ ಮೈಭಾರಕ್ಕೆ ಸುಲಭವಾಗಿ ಚಪ್ಪಟೆಯಾಗುವುದಿಲ್ಲ, ತೇವ ಹೀರಿದರೂ ಬಿಸಿಯನ್ನು ಪೂರ್ತಿ ಬಿಡುವುದಿಲ್ಲ. ಕಾಲಿನ ಕಡೆ ಮಾತ್ರ ನಾನು ಬೇರೊಂದು ಬಗೆಯಲ್ಲಿ ಮಡಿಸುತ್ತೇನೆ, ಆ ಮಡಿಕೆಯನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಹೊರಟಿದ್ದು ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರದ ರಜೆ) ಕಳೆದ ಮರುವಾರ. ನೊಣ ಮುಗಿದಿರುತ್ತದೆ, ಜನ ಕರಗಿರುತ್ತಾರೆ. ಮಗಳ ಶಾಲೆಗೆ ಮೂರು ದಿನ ರಜೆ ಹೇಳಿದೆವು. ಮ್ಯಾಕಿನಾ ಸೇತುವೆಗೆ 4 ಡಾಲರ್ ಸುಂಕ ಕಟ್ಟಿ ದಾಟಿ, ಒಂದು ರಾತ್ರಿ ನಡುವೆ ತಂಗಿದೆವು. ಅಮ್ಮನ ಮಂಡಿಗೆ ಒಂದೇ ದಿನದ ಪಯಣ ಆಗುವುದಿಲ್ಲ, ಈ ಖರ್ಚಿನಲ್ಲಿ ಯಾರೂ ಕೈಬಿಗಿ ಮಾಡಬೇಡಿ. ಸೌದೆ ಮನೆಯಿಂದ ಒಯ್ಯಲಿಲ್ಲ. 2002ರಲ್ಲಿ ಆಶ್ ಮರ ಕೊರೆಯುವ ಹಸಿರು ದುಂಬಿ ಮೊದಲು ಪತ್ತೆಯಾಗಿದ್ದು ನಮ್ಮ ಡೆಟ್ರಾಯಿಟ್ ಕಡೆಯೇ, ಸೌದೆಯ ಜೊತೆ ಅದು ಊರೂರು ದಾಟಿತು. ಪೋರ್ಕೀಸ್ ಕಾಡಿನ ಎಷ್ಟೋ ಹೆಮ್ಲಾಕ್, ಮೇಪಲ್ ಮರಗಳು ಕೊಡಲಿ ಕಾಣದೆ ಬೆಳೆದವು. ಅವನ್ನು ಉಳಿಸಲೆಂದೇ 1945ರಲ್ಲಿ ಅದನ್ನು ಉದ್ಯಾನ ಮಾಡಿದ್ದು. ಅಂಥ ಕಡೆಗೆ ನಮ್ಮ ಗ್ಯಾರೇಜಿನ ಕಟ್ಟಿಗೆ ಹೊತ್ತೊಯ್ಯಲು ನನಗೆ ಮನಸ್ಸು ಬರುವುದಿಲ್ಲ.

ಗಂಟುಮೂಟೆ ಬೆನ್ನಿಗೆ ಹೊತ್ತು ಕಾಡಿನೊಳಗೆ ಹೋಗುವವರು ಉದ್ಯಾನದ ಯೂನಿಯನ್ ಬೇ ಬಿಡಾರವನ್ನು ಕಡೆಗಣಿಸುತ್ತಾರೆ. ಬಿಸಿನೀರಿನ ಸ್ನಾನ, ಸರಿಯಾದ ಶೌಚಾಲಯ, ಹತ್ತು ಹೆಜ್ಜೆಗೆ ಸರೋವರ: ಅಮ್ಮನಂಥವರಿಗೆ ಅದೇ ಸರಿ. ಜಾಗದ ಸಂಖ್ಯೆ ಹೇಳುವುದಿಲ್ಲ. ವಾಯವ್ಯದ ಗಾಳಿಗೆ ಮರ ಅಡ್ಡವಿರುವ ಜಾಗ ಆರಿಸಿಕೊಳ್ಳಿ, ಅಷ್ಟು ಸಾಕು. ಕರಡಿಯ ಭಯ ಕೇಳುವವರಿಗೆ ಒಂದು ಮಾತು. ತಿಂಡಿಯ ಡಬ್ಬಗಳಂತೆ ಅಮ್ಮನ ಕೊಬ್ಬರಿ ಎಣ್ಣೆ, ಊದುಬತ್ತಿ, ಹಲ್ಲಿನ ಪೇಸ್ಟ್ ಕೂಡ ರಾತ್ರಿ ಕಾರಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. ಮೊದಲ ಸಂಜೆ ಅಮ್ಮ ಊದುಬತ್ತಿ ಬಿಡಲು ಒಪ್ಪಲಿಲ್ಲ. ಸರೋವರಕ್ಕೆ ಎದುರಾಗಿ ಕಲ್ಲಿನ ಸಂದಿಗೆ ಸಿಕ್ಕಿಸಿ ಹಚ್ಚಿದರು, ಅದು ಉರಿದು ಮುಗಿಯುವವರೆಗೂ ಅಲ್ಲೇ ಕುಳಿತು ಬೂದಿಯನ್ನು ಕಾಗದಕ್ಕೆ ಹಾಕಿಕೊಂಡು ಬಂದರು. ಎಂಟೂಕಾಲಿನವರೆಗೂ ಬೆಳಕಿತ್ತು.

ಆ ರಾತ್ರಿ 41 ಡಿಗ್ರಿ ಫ್ಯಾರನ್‌ಹೀಟ್‌ಗೆ (5 ಡಿಗ್ರಿ ಸೆಲ್ಸಿಯಸ್) ಇಳಿಯಿತು. ಮೂರು ಗಂಟೆಗೆ ಎದ್ದು ಅಮ್ಮನ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಎರಡು ವರ್ಷದ ಸೋಲು ಆ ಕ್ಷಣಕ್ಕೆ ತೀರಿತು.

ಅಡುಗೆಯಲ್ಲಿ ಗೊಜ್ಜವಲಕ್ಕಿಯ ಪುಡಿ, ಹುರಿಟ್ಟು, ರಾಗಿ ಹಿಟ್ಟು ಒಣದಾಗಿ ಒಯ್ದಿದ್ದೆವು. ಮುದ್ದೆಗೆ ಗಾಳಿಯೇ ಶತ್ರು. ಎಸರು ಕುದಿಯುವ ಹೊತ್ತಿಗೆ ಒಲೆ ಆರುತ್ತಿತ್ತು. ಅಲ್ಯೂಮಿನಿಯಂ ಹಾಳೆಯನ್ನು ಮೂರು ಪದರ ಮಾಡಿ ಒಲೆಗೆ ಮೂರು ಕಡೆಯಿಂದ ಗೋಡೆ ಕಟ್ಟಿದ ಮೇಲೆ ಗಂಟಿಲ್ಲದ ಮುದ್ದೆ ಬಂತು. ನನ್ನ ಸ್ವಂತ ಹಟ ದೋಸೆ ಹಿಟ್ಟಿನದು. ಐಸ್ ಇಲ್ಲದ ಚಿಕ್ಕ ಕೂಲರಿನಲ್ಲಿ ಹಿಟ್ಟಿನ ಪಾತ್ರೆ, ಪಕ್ಕಕ್ಕೆ ಬಿಸಿನೀರಿನ ಎರಡು ಬಾಟಲಿ. ಮೊದಲ ರಾತ್ರಿ ಹಿಟ್ಟು ಕದಲಲಿಲ್ಲ. ಮರುದಿನ ಅದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೇ ಬಿಟ್ಟು, ಸಂಜೆ ಮತ್ತೆ ಬಾಟಲಿ ಬದಲಿಸಿದೆ. ಮೂರನೆಯ ಬೆಳಿಗ್ಗೆ ಮುಚ್ಚಳ ತೆಗೆದರೆ ಎರಡು ಬೆರಳಷ್ಟು ಉಬ್ಬಿತ್ತು, ಹುಳಿ ಹದವಾಗಿತ್ತು. ಪಕ್ಕದ ಜಾಗದ ವಿಸ್ಕಾನ್ಸಿನ್ ದಂಪತಿ ಮೂರು ಮೂರು ದೋಸೆ ತಿಂದರು. ಸುಪೀರಿಯರ್ ದಂಡೆಯಲ್ಲಿ ಹಿಟ್ಟು ಹುದುಗಿಸಿ ದೋಸೆ ಹುಯ್ದವರು ಬೇರೆ ಯಾರಿದ್ದರೂ ನನಗೆ ಬರೆಯಲಿ.

ನೋಡಿದ್ದು ಹೆಚ್ಚಿಲ್ಲ, ಆದರೆ ಚೆನ್ನಾಗಿ ನೋಡಿದೆವು. ಲೇಕ್ ಆಫ್ ದಿ ಕ್ಲೌಡ್ಸ್ ಎಂಬ ಕೆರೆಯ ಮೇಲಿನ ಬಂಡೆಯ ಏಣಿನವರೆಗೆ ಕಾರು ಬಹುತೇಕ ಹೋಗುತ್ತದೆ, ಗಾಲಿಕುರ್ಚಿಗೂ ಆಗುವ ಹಲಗೆ ದಾರಿಯಿದೆ. ಪ್ರೆಸ್ಕ್ ಐಲ್ ನದಿಯಲ್ಲಿ ಜವುಗು ಕಾಡಿನ ಕಷಾಯ ಬೆರೆತ ನೀರು ಕಂದು ಬಣ್ಣದ್ದು. ಮನಬೆಝೋ ಜಲಪಾತದ ಎದುರು ನಿಂತು ಅಮ್ಮ, "ಥೇಟ್ ಡಿಕಾಕ್ಷನ್" ಎಂದರು. ಅಲ್ಲಿ ಹೋದರೆ ಗಡಿಯಾರದ ಬಗ್ಗೆ ಎಚ್ಚರ. ಜಲಪಾತವಿರುವ ಗೊಗೀಬಿಕ್ ಕೌಂಟಿ ಒಂದು ಗಂಟೆ ಹಿಂದಿನ ಸೆಂಟ್ರಲ್ ಸಮಯದಲ್ಲಿದೆ, ಬಿಡಾರ ಈಸ್ಟರ್ನ್ ಸಮಯದಲ್ಲಿ. ಮೊಬೈಲ್ ಸಿಗ್ನಲ್ ಬಂದುಹೋಗುವಾಗ ಗಂಟೆ ಹಿಂದೆ ಮುಂದೆ ಆಗುತ್ತದೆ. ಕೈಗಡಿಯಾರ ಕಟ್ಟಿಕೊಳ್ಳಿ.

ಬಿಡಾರಕ್ಕೆ ರಾತ್ರಿಗೆ 30ರ ಆಸುಪಾಸು, ಪೆಟ್ರೋಲು, ನಡುವಿನ ತಂಗು, ಸೌದೆ, ದಿನಸಿ ಎಲ್ಲ ಸೇರಿ ನಾಲ್ವರಿಗೆ 600 ಡಾಲರ್ ಒಳಗೇ ಮುಗಿಯಿತು. ಬುಕಿಂಗ್ ಆರು ತಿಂಗಳ ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಮಾರ್ಚಿಗೆ ಅಲಾರಂ ಇಟ್ಟಿದ್ದೇನೆ. ಅಮ್ಮ ಊರಿಗೆ ಮರಳುವಾಗ ಕಂಬಳಿಗಳನ್ನು ಇಲ್ಲೇ ಬಿಟ್ಟರು. ಅವನ್ನು ಕೊಡವಿ, ಬಿಸಿಲಿಗೆ ಹಾಕಿ, ಮಡಿಸಿಟ್ಟಿದ್ದೇನೆ. ಇನ್ನೆರಡಕ್ಕೆ ಚಳ್ಳಕೆರೆಗೆ ಹೇಳಿ ಕಳಿಸಿದ್ದೇನೆ.